ಅಂಟುವಾಳದಲ್ಲಿ ತೊಳೆದ ಡಾಲರ್

ಶಿರಸಿ
೨೧–೧–೨೦೨೫, ಮಂಗಳವಾರ

ಪ್ರೀತಿಯ ಆರಿಫ್‌ಗೆ ಅಮ್ಮಿಯ ಸಲಾಂ ಮತ್ತು ಮನಸಾರೆ ದುವಾ.

ಬೆನ್ನುನೋವು ಹೇಗಿದೆ ಮಗನೇ? ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಶೀಶೆ ಮುಚ್ಚಳವೂ ತೆರೆಯದೆ ಹಾಗೇ ಕೂತಿದೆಯೋ? ರಿಪೇರಿಗೆಂದು ಲಾರಿಯ ಅಡಿಗೆ ಮಲಗುವಾಗ ಬರೀ ನೆಲಕ್ಕೆ ಬೆನ್ನು ಕೊಡಬೇಡ, ಗೋಣಿಚೀಲ ಹಾಸಿಕೋ. ನನ್ನ ಮೊಣಕಾಲು ಚಳಿಗೆ ಸ್ವಲ್ಪ ಹಟ ಮಾಡುತ್ತಿದೆ, ಬಾಯಿ ಮಾತ್ರ ಸರಿಯಾಗಿದೆ. ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಎನ್ನಬೇಡ. ಮನೆಯಲ್ಲಿರುವುದು ಒಂದೇ ಫೋನು, ಅದು ಆಫ್ರೀನ್‌ಳ ಕೈಯಲ್ಲಿ. ನಿನ್ನ ಹೆಂಡತಿಯನ್ನು ಅವಳೆದುರೇ ಹೊಗಳಿದರೆ ನಾಳೆಯಿಂದ ಈ ಮನೆಯಲ್ಲಿ ಅತ್ತೆಗೆ ಏನು ಬೆಲೆ ಉಳಿಯುತ್ತದೆ? ನಾನು ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು, ಕಾಗದ ಬರೆಯಲು ಬರುತ್ತದೆ. ಅಜರ್‌ನ ಲಾರಿ ಇವತ್ತು ನೀನಿರುವ ಮಡಗಾಂವಿಗೆ ಹೊರಟಿದೆ, ಅವನ ಕೈಯಲ್ಲೇ ಕಳಿಸುತ್ತೇನೆ.

ಭಾನುವಾರ ನೀನು ಫೋನಿನಲ್ಲಿ ಆಫ್ರೀನ್‌ಳನ್ನು ಬೈದದ್ದು ನನಗೆ ಹೊರಗಿನ ಕೋಣೆಗೂ ಕೇಳಿಸಿತು. ಆ ಹಳೇ ಡಾಲರ್ ನಾಣ್ಯ ತೊಳೆದು ನಾಲ್ಕು ಸಾವಿರ ನೀರಿಗೆ ಹಾಕಿದೆ, ಇನ್ನು ಬೆಳ್ಳಿ ಅಂಗಡಿಯಲ್ಲಿ ಕೂತದ್ದು ಸಾಕು, ಮುಂದಿನ ತಿಂಗಳಿಂದ ಮೊಬೈಲ್ ಕವರಿನವನಿಗೆ ಬಾಡಿಗೆಗೆ ಕೊಡುತ್ತೇನೆ ಅಂದೆಯಲ್ಲ? ಅವಳು ಫೋನ್ ಇಟ್ಟು, ಅಡುಗೆಮನೆಗೆ ಹೋಗಿ ನಾಲ್ಕು ಈರುಳ್ಳಿ ಹೆಚ್ಚಿದಳು. ಆ ದಿನದ ಸಾರಿಗೆ ಈರುಳ್ಳಿಯೇ ಬೇಕಿರಲಿಲ್ಲ. ನೀನು ಕೇಳಿದ್ದು ಕಾಲು ಭಾಗ, ಕೂಗಾಡಿದ್ದು ಪೂರ್ತಿ. ಉಳಿದದ್ದನ್ನು ಕೇಳು.

ಹುಲಗೋಳದ ದುರ್ಗಮ್ಮ ಹೋದ ಸಂತೆಯ ದಿನ ಬಂದಿದ್ದಳು. ನಿನ್ನಪ್ಪ ಬದುಕಿದ್ದಾಗಿನಿಂದ ಹಳೇ ಬೆಳ್ಳಿ ಕೊಟ್ಟು ಹೊಸದು ಒಯ್ಯುವವಳು. ಸೆರಗಿನ ಗಂಟು ಬಿಚ್ಚಿ, ಅಂಗೈ ತುಂಬುವಷ್ಟು ದೊಡ್ಡ ನಾಣ್ಯ ಇಟ್ಟಳು. ಅಮೆರಿಕದ ಬೆಳ್ಳಿ ಡಾಲರ್, ಕಪ್ಪಗೆ, ಮಸಿ ಹಿಡಿದ ಹಾಗೆ. ಅವಳ ಮಾವನ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದವನು ತಂದದ್ದಂತೆ, ಅಕ್ಕಿ ಡಬ್ಬಿಯ ತಳದಲ್ಲಿತ್ತಂತೆ. “ಇದ್ನ ತಕಂಡು ಮೊಮ್ಮಗಳು ಅಭಿಜ್ಞಾಗೆ ಒಂದ್ ಜೊತೆ ಗೆಜ್ಜೆ ಕೊಡಿ, ತೂಕಕ್ಕೆ ತೂಕ, ಸಾಕು” ಅಂದಳು. ನಾನಾಗಿದ್ದರೆ ತಕ್ಕಡಿಗೆ ಹಾಕಿ, ಗೆಜ್ಜೆ ಕೊಟ್ಟು, ಚಹಾ ಕುಡಿಸಿ ಕಳಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನಿನ್ನಪ್ಪನೂ ಹಾಗೇ ಮಾಡುತ್ತಿದ್ದರು.

ಆಫ್ರೀನ್ ಮಾಡಲಿಲ್ಲ. ತೂಗಿದಳು, ಇಪ್ಪತ್ತಾರೂವರೆ ಗ್ರಾಮ್. ಅಯಸ್ಕಾಂತ ಹಿಡಿದಳು, ಅಂಟಲಿಲ್ಲ. ಅಂಚಿನ ಗೀರುಗಳನ್ನು ಉಗುರಿನಿಂದ ಸವರಿ ನೋಡಿದಳು. ಆಮೇಲೆ ನಿನ್ನಪ್ಪನ ಭೂತಗನ್ನಡಿ ಕಣ್ಣಿಗೆ ಹಚ್ಚಿ, ಹಿಂಬದಿಯ ಹದ್ದಿನ ಚಿತ್ರದ ಕೆಳಗೆ ಎಳ್ಳಿನಷ್ಟು ಚಿಕ್ಕದಾಗಿ ಎರಡು ಇಂಗ್ಲಿಷ್ ಅಕ್ಷರ ಇರುವುದನ್ನು ಕಂಡಳು. ಅದು ಟಂಕಸಾಲೆಯ ಗುರುತಂತೆ, ಆ ಅಕ್ಷರವಿದ್ದ ಡಾಲರ್ ಟಂಕಿಸಿದ್ದು ಕಡಿಮೆಯಂತೆ. ಕರಗಿಸಿದರೆ ಎರಡು ಸಾವಿರದ ಬೆಳ್ಳಿ, ಕೂಡಿಡುವವರ ಕೈಗೆ ಕೊಟ್ಟರೆ ಅದರ ಐದಾರು ಪಟ್ಟು. “ಅಮ್ಮಾ, ಇದು ಗೆಜ್ಜೆಗೆ ಕೊಡುವ ವಸ್ತು ಅಲ್ಲ, ಶುಕ್ರವಾರದವರೆಗೆ ನಮ್ಮಲ್ಲಿ ಬಿಟ್ಟು ಹೋಗಿ, ಬೆಲೆ ತಿಳಿದು ಹೇಳ್ತೇನೆ” ಎಂದು ಚೀಟಿ ಬರೆದುಕೊಟ್ಟಳು. ದುರ್ಗಮ್ಮನಿಗೆ ಅರ್ಥವೇ ಆಗಲಿಲ್ಲ, ಗೆಜ್ಜೆ ಇಲ್ಲವೆನ್ನುತ್ತಾಳೆಂದು ಸಪ್ಪೆ ಮುಖ ಮಾಡಿಕೊಂಡು ಬಸ್ಸು ಹತ್ತಿದಳು.

ಆಫ್ರೀನ್ ಮೂರು ದಿನ ಫೋನ್ ಹಿಡಿದು, ಇಂಥದೇ ನಾಣ್ಯಗಳ ಮಾರಾಟ ಹುಡುಕುತ್ತ ಕೂತಳು. ಒಬ್ಬ ಐವತ್ತು ಸಾವಿರ ಅಂತ ಹಾಕಿದ್ದ, ಇನ್ನೊಬ್ಬ ಲಕ್ಷ. ನನಗೆ ತಲೆ ತಿರುಗಿತು. “ಅಮ್ಮಿ, ಕೇಳುವ ಬೆಲೆ ಯಾರು ಬೇಕಾದರೂ ಕೇಳಬಹುದು, ಕೊಂಡವರು ಕೊಟ್ಟದ್ದೇ ಬೆಲೆ” ಎಂದು ಮಾರಾಟವಾದವನ್ನಷ್ಟೇ ಆರಿಸಿ, ಇಷ್ಟೇ ಸವೆದ ನಾಣ್ಯಗಳ ಜೊತೆ ಹೋಲಿಸಿ, ಹನ್ನೊಂದು ಸಾವಿರ ಎಂದು ಬರೆದು ಗಲ್ಲಾಪೆಟ್ಟಿಗೆಯಲ್ಲಿಟ್ಟಳು. ಯಲ್ಲಾಪುರದ ಗುಜರಿ ಅಂಗಡಿಯವನ ಮಗಳು ನಮ್ಮ ಮನೆಗೆ ಬೇಡ ಎಂದು ನಾನು ಹಟ ಹಿಡಿದದ್ದು ನೆನಪಿದೆಯಲ್ಲ? ಈಗ ಆ ಮಾತು ನನಗೇ ನಾಚಿಕೆ ತರುತ್ತದೆ.

ಅಷ್ಟರಲ್ಲಿ ಆ ತೊಳೆಯುವ ಅನಾಹುತ ಆಯಿತು. ಅಂಗಡಿಗೆ ಬಂದ ಬೆಳ್ಳಿಯನ್ನು ಅಂಟುವಾಳದ ನೊರೆಯಲ್ಲಿ ನೆನೆಸಿ, ರಂಗೋಲಿ ಪುಡಿ ಹಾಕಿ ತಿಕ್ಕಿ, ಆಮೇಲೆಯೇ ಕಪಾಟಿಗೆ ಇಡುವುದು ನಿನ್ನಪ್ಪನ ಕಾಲದ ಪದ್ಧತಿ. ಯಾರ ಕೈ, ಯಾವಾಗ ಎಂದು ಕೆದಕಿ ಈಗ ಏನು ಪ್ರಯೋಜನ? ಡಾಲರ್ ಹೊಸ ತಟ್ಟೆಯ ಹಾಗೆ ಫಳಫಳ ಹೊಳೆಯಿತು. ಶುಕ್ರವಾರ ಸಿದ್ದಾಪುರದಿಂದ ಬಂದ ಪರಮೇಶ್ವರಪ್ಪ ಮಾಸ್ತರರು, ನಾಣ್ಯ ಕೂಡಿಡುವವರು, ನೋಡಿದವರೇ ಹಣೆ ಬಡಿದುಕೊಂಡರು. “ಅಯ್ಯೋ, ನೂರು ವರ್ಷದ ಕಪ್ಪನ್ನ ಕೆರೆದು ತೆಗದೀರಲ್ರೀ! ಹಾಂಗೇ ಇದ್ದಿದ್ರ ಹನ್ನೊಂದು ಕೊಡ್ತಿದ್ದೆ, ಈಗ ಏಳು” ಅಂದರು. ನೋಡು, ಹುಡುಗಿಯ ಅಂದಾಜು ಕೂದಲಷ್ಟೂ ತಪ್ಪಿರಲಿಲ್ಲ.

ದುರ್ಗಮ್ಮ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಏಳು ಸಾವಿರ ಎಂದಾಗಲೇ ಅವಳ ಬಾಯಿ ತೆರೆದಿತ್ತು. ಏಳು ಕೊಟ್ಟು ಕಳಿಸಿದ್ದರೆ ಕೈ ಮುಗಿದು ಹೋಗುತ್ತಿದ್ದಳು. ನಾನು ಆಫ್ರೀನ್‌ಳ ಸೆರಗು ಎಳೆದೆ, ಕಣ್ಣು ಮಿಟುಕಿಸಿದೆ. ಅವಳು ತಿರುಗಿಯೂ ನೋಡಲಿಲ್ಲ. “ನೀವು ಕೊಟ್ಟಾಗ ಇದು ಹನ್ನೊಂದರ ವಸ್ತು, ಕೆಡಿಸಿದ್ದು ನಾವು” ಎಂದು ಮಾಸ್ತರರ ಏಳರ ಮೇಲೆ ಗಲ್ಲಾದ ನಾಲ್ಕು ಸೇರಿಸಿ ದುರ್ಗಮ್ಮನ ಕೈಗೆ ಕೊಟ್ಟಳು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅಲ್ಲಾಹನ ಆಣೆ, ನಮ್ಮ ಅಂಗಡಿಯ ಗಾದಿಯ ಮೇಲೆ ಇಷ್ಟು ಚೊಕ್ಕ ಮಾತು ನಾನು ಹಿಂದೆ ಕೇಳಿರಲಿಲ್ಲ.

ಇವತ್ತು ಸಂತೆ. ದುರ್ಗಮ್ಮ ತನ್ನ ಊರಿನ ಮೂವರನ್ನು ಕರೆದುಕೊಂಡು ಬಂದಿದ್ದಳು, ಎಲ್ಲರ ಸೆರಗಿನಲ್ಲೂ ಗಂಟು. ಆಫ್ರೀನ್ ನಮಾಜಿಗೆ ಹೋಗಿದ್ದಳು, ನಾನು ತೂಗಿಕೊಡುತ್ತೇನೆ ಎಂದೆ. “ನೀವು ಕೂತ್ಕಳಿ ಅಮ್ಮಾ, ಆ ಹುಡುಗಿ ಬರ್ಲಿ” ಅಂದಳು ದುರ್ಗಮ್ಮ. ನಲವತ್ತು ವರ್ಷ ಈ ಅಂಗಡಿಯಲ್ಲಿ ಕೂತವಳಿಗೆ! ಸಿಟ್ಟು ಬಂದದ್ದು ನಿಜ, ಹೆಮ್ಮೆ ಅದಕ್ಕಿಂತ ಜಾಸ್ತಿ ಬಂತು. ಅಂಗಡಿ ಬಾಡಿಗೆಗೆ ಕೊಡುವ ಮಾತು ಇಲ್ಲಿಗೆ ಬಿಡು.

ಹೊತ್ತಿಗೆ ಸರಿಯಾಗಿ ಊಟ ಮಾಡು, ಖಾರ ಕಡಿಮೆ ಮಾಡು. ಅಲ್ಲಾಹನು ನಿನ್ನ ಕೈಕಾಲು ಗಟ್ಟಿಯಾಗಿಡಲಿ.

ಇಂತಿ ನಿನ್ನ ಅಮ್ಮಿ,
ಅಮೀರುನ್ನಿಸಾ

ತಾ.ಕ.: ಅಜರ್ ಹೊರಗೆ ಹಾರ್ನ್ ಬಾರಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಡಾಲರ್ ತೊಳೆದದ್ದು ಆಫ್ರೀನ್ ಅಲ್ಲ, ನಾನು. ಮುಟ್ಟಬೇಡಿ ಅಮ್ಮಿ ಎಂದು ಅವಳು ಎರಡು ಸಲ ಹೇಳಿದ್ದಳು. ಮಾಸ್ತರರು ಕೇಳಿದಾಗ, ನೀನು ಕೇಳಿದಾಗ, ಎರಡು ಸಲವೂ ತಾನೇ ಎಂದಳು, ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ಇವತ್ತು ರಾತ್ರಿಯೇ ಅವಳಿಗೆ ಫೋನ್ ಮಾಡು. ನಿನ್ನ ಮಾತು ಮುಗಿದ ಮೇಲೆ ಫೋನನ್ನು ನನ್ನ ಕೈಗೆ ಕೊಡಲು ಹೇಳಬೇಡ, ಅವಳಿಗೆ ಹೇಳಬೇಕಾದ್ದನ್ನು ನಾನು ಎದುರೇ ಕೂತು ಹೇಳುತ್ತೇನೆ.