ಎರಡನೇ ಶಿಫ್ಟಿನ ಪಂಕ್ತಿ

೧೨ ಫೆಬ್ರವರಿ ೨೦೦೯, ಗುರುವಾರ. ರಾಜಗೋಪಾಲನಗರ

ಮಗಳ ಆರತಕ್ಷತೆಗೆ ಎಷ್ಟು ಜನರ ಅಡುಗೆ ಎನ್ನುವುದು ಇವತ್ತೂ ಬಗೆಹರಿಯಲಿಲ್ಲ. ಸಂಜೆ ಅಡುಗೆಯ ಪರಮಾನಂದ ಬಂದಿದ್ದ. ನಮ್ಮ ಪೀಣ್ಯದ ಕಾರ್ಖಾನೆಯವರ ಮದುವೆಗಳಲ್ಲಿ ಕೊನೆಯ ಪಂಕ್ತಿ ಯಾವಾಗಲೂ ಎರಡನೇ ಶಿಫ್ಟ್ ಬಿಟ್ಟು ಬರುವವರದು. ಅವರಿಗೆಂದೇ ಒಂದು ಹಂಡೆ ಅನ್ನ ತಡವಾಗಿ ಬಸಿಯಬೇಕು, ಜಿಲೇಬಿ ಎತ್ತಿಡಬೇಕು. ಅದನ್ನೇ ಹೇಳಿದೆ.

"ಆಯ್ತು ಸಾರ್, ನೂರು ಎಲೆ ಜಾಸ್ತಿ ಹಿಡೀತೀನಿ," ಅಂದು ಹೋದ.

ಅವನು ಗೇಟು ದಾಟುವ ತನಕ ಸುಮಂಗಲಾ ಸುಮ್ಮನಿದ್ದಳು. ಹೊರಗಿನವರ ಮುಂದೆ ಗಂಡನ ಮಾತು ತೆಗೆದುಹಾಕುವವಳಲ್ಲ. ಆಮೇಲೆ ಮೆಲ್ಲಗೆ ಕೇಳಿದಳು.

"ದೀಪಾವಳಿಗೇ ಎರಡನೇ ಶಿಫ್ಟ್ ನಿಂತೈತಲ್ರೀ. ಯಾರ್ ಬರ್ತಾರ?"

ಹೌದು. ಬಸಲಿಂಗ ಸಂಸಾರ ಕಟ್ಟಿಕೊಂಡು ಊರಿಗೆ ಹೋದ. ಚನಬಸಪ್ಪ ವರ್ತೂರಿನ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಗೇಟು ಕಾಯುತ್ತಾನೆ. ಉಳಿದವರ ನಂಬರುಗಳು ಹತ್ತುವುದೇ ಇಲ್ಲ. ನಾನೂ ಅದೇ ಶಿಫ್ಟಿನವನು, ಅಂದಿನಿಂದ ಸಂಜೆಯೆಲ್ಲ ಮನೆಯಲ್ಲೇ ಇದ್ದೇನೆ. ಆದರೂ ಹೇಗೆ ಮರೆತೆನೋ.

ಎಲೆ ಕಡಿಮೆ ಮಾಡಿಸಬೇಕು. ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಪರಮಾನಂದನಿಗೆ ಏನೆಂದು ಹೇಳಲಿ? ಆ ಪಂಕ್ತಿಯಲ್ಲಿ ಕೂರುವುದಕ್ಕೆ ಉಳಿದವನು ನಾನೊಬ್ಬನೇ ಎಂದೇ?