ಯರಗಟ್ಟಿ ಟಾಕೀಜಿನಲ್ಲಿ ಬಂದ ದೇವಿ

ಚಚಡಿ,
೯ ನವೆಂಬರ್ ೧೯೯೭, ರವಿವಾರ

ಪ್ರೀತಿಯ ತಂಗಿ ಗಂಗಾಳಿಗೆ,

ನಿನ್ನ ನೆಗೆಣ್ಣಿ ಗುರವ್ವ ಮಾಡುವ ಆಶೀರ್ವಾದಗಳು ಎಂದು ಬರೆದು, ಆಮೇಲೆ ಆಶೀರ್ವಾದದ ಮೇಲೆ ಗೀಟು ಎಳೆದಿದ್ದೇನೆ. ನಿನಗೆ ಕಾಣುತ್ತಿರಬೇಕು. ಹಿರಿಯ ಸೊಸೆ ಕಿರಿಯವಳಿಗೆ ಆಶೀರ್ವಾದ ಬರೆಯುವುದು ಪದ್ಧತಿಯೇ ಹೌದು, ಆದರೆ ನನ್ನ ಕೈಯಿಂದ ಆ ಶಬ್ದ ಬರೆಯಲು ನನಗೇ ನಾಚಿಕೆಯಾಯಿತು. ನೀನು ಹೇಗಿದ್ದೀ? ಅರ್ಧ ತಲೆ ಸಿಡಿಯುವುದು ಕಡಿಮೆಯಾಯಿತೇ? ಸುಂಠಿ ಅರೆದು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಸೋಮಾರಿತನ ಮಾಡುತ್ತಿದ್ದೀಯೋ? ನಿಮ್ಮವ್ವ ಬಾಯವ್ವನವರ ಮೊಣಕಾಲು ಹೇಗಿದೆ? ನಿಮ್ಮ ಅಪ್ಪ ಇನ್ನೂ ಬಸ್ಸು ಬರುವ ಒಂದು ತಾಸು ಮೊದಲೇ ಹೋಗಿ ಸುರೇಬಾನದ ಸ್ಟ್ಯಾಂಡಿನಲ್ಲಿ ಕೂಡುತ್ತಾರೆಯೇ? ಇಷ್ಟು ಕೇಳುವ ಹಕ್ಕಾದರೂ ನನಗಿದೆಯೋ ಇಲ್ಲವೋ ತಿಳಿಯದು. ಕೇಳಿದ್ದೇನೆ.

ಇಲ್ಲಿ ಎಲ್ಲರೂ ಉಂಡುಟ್ಟು ಇದ್ದಾರೆ. ಬಿಳಿಜೋಳ ಮೊಣಕಾಲೆತ್ತರ ಬಂದಿದೆ, ಹತ್ತಿ ಬಿಡಿಸುವುದು ನಡೆದಿದೆ. ನೀನು ಗೌರಿ ಎಂದು ಹೆಸರಿಟ್ಟ ಎಮ್ಮೆ ಈದಿತು, ಹೆಣ್ಣುಗರು. ಗಿಣ್ಣ ಮಾಡಿದ ದಿನ ನನ್ನ ಮಗಳು ಮಧು ಚಿಗವ್ವನಿಗೆ ಬೇಕು ಎಂದು ಒಂದು ವಾಟಿಗೆಯಲ್ಲಿ ತೆಗೆದಿಟ್ಟು, ಎರಡು ದಿನ ಯಾರಿಗೂ ಮುಟ್ಟಗೊಡಲಿಲ್ಲ. ಅದು ಹುಳಿಯಾದ ಮೇಲೆ ನಾನೇ ಹೊರಗೆ ಚೆಲ್ಲಿದೆ. ನಿನ್ನ ಗಂಡ ಶ್ರೀಶೈಲ ತೆಳ್ಳಗಾಗಿದ್ದಾನೆ. ಮೊದಲೇ ಮಾತು ಕಡಿಮೆ, ಈಗ ಅದೂ ಇಲ್ಲ. ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಹೋದೆ ಎಂದು ಬರೆದರೆ ಅದೂ ಸುಳ್ಳು, ನಿನ್ನನ್ನು ಕಳಿಸಿದರು. ಕಳಿಸಿದ್ದು ಯಾರು ಎಂದು ಹೇಳುವುದಕ್ಕೇ ಈ ಪತ್ರ.

ಮೊದಲು ನನ್ನ ಹೊಟ್ಟೆಕಿಚ್ಚಿನ ಕಥೆ ಕೇಳು. ನೀನು ಬರುವ ಮುಂಚೆ ಒಂಬತ್ತು ವರ್ಷ ಈ ಮನೆಯ ದೇವರ ಜಗಲಿ ನನ್ನ ಕೈಯಲ್ಲಿತ್ತು. ನಸುಕಿನಲ್ಲಿ ಎದ್ದು ಮಿಂದು ದೀಪ ಹಚ್ಚುವ ಆ ಕಾಲು ತಾಸಿನಲ್ಲಿ ನನ್ನನ್ನು ಯಾರೂ ಕೂಗುತ್ತಿರಲಿಲ್ಲ. ರೊಟ್ಟಿ ಬಡಿ, ಸೆಗಣಿ ಬಳಿ, ಬುತ್ತಿ ಕಟ್ಟು ಅನ್ನುವುದು ಆಮೇಲೆ. ನೀನು ಬಂದೆ. ನಿನ್ನದು ಹತ್ತನೆಯ ಇಯತ್ತೆ, ನನ್ನದು ಏಳನೆಯದು. ನೀನು ವಚನ ಹಾಡಿದರೆ ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ನಾನು ಹಾಡಿದರೆ ಎಮ್ಮೆ ತಿರುಗಿ ನೋಡುತ್ತಿತ್ತು, ಅಷ್ಟೇ. ಒಂದು ತಿಂಗಳಿಗೆ ಅತ್ತೆ, "ಗುರವ್ವಾ, ನೀ ಇನ್ನ ದನಾ-ಕರಾ ನೋಡ್ಕೊ. ಜಗಲಿ ಗಂಗಾಗ ಬಿಡು, ಆಕಿ ಕೈ ಭಾಳ ಸ್ವಚ್ಛ ಐತಿ" ಅಂದರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ನನಗೆ ಕೇಳಿಸಿದ್ದು ಮಾತ್ರ ನನ್ನ ಕೈ ಹೊಲಸು ಅನ್ನುವುದೊಂದೇ. ಎರಡು ವರ್ಷ ಅದನ್ನೇ ಒಳಗೊಳಗೆ ನುರಿಸುತ್ತ ಇದ್ದೆ. ನೀನು ಅಕ್ಕಾ ಅಂದಾಗೆಲ್ಲ ಸಿಟ್ಟು ಬರುತ್ತಿತ್ತು, ಯಾಕೆಂದರೆ ನೀನು ಅದನ್ನು ನಿಜವಾಗಿ ಅನ್ನುತ್ತಿದ್ದೆ.

ಹೋದ ವರ್ಷದ ಶ್ರಾವಣದಲ್ಲಿ ಯರಗಟ್ಟಿಯ ಟಾಕೀಜಿಗೆ ದೇವಿಯ ಸಿನೆಮಾ ಬಂತಲ್ಲ, ನೆನಪಿದೆಯೇ? ಓಣಿಯ ಹೆಂಗಸರೆಲ್ಲ ಟ್ರ್ಯಾಕ್ಟರಿನಲ್ಲಿ ಹೋದೆವು, ಶುಕ್ರವಾರ ಮಧ್ಯಾಹ್ನದ ಆಟಕ್ಕೆ. ಅತ್ತೆಗೆ ಅದು ಸಿನೆಮಾ ಅಲ್ಲವೇ ಅಲ್ಲ. ತಲೆಗೆ ನೀರು ಹಾಕಿಕೊಂಡು ಒಪ್ಪತ್ತು ಹಿಡಿದಿದ್ದರು. ಬಾಗಿಲಲ್ಲಿ ಟಾಕೀಜಿನವರು ದೇವಿಯ ಫೋಟೋ ಇಟ್ಟು ತೆಂಗಿನಕಾಯಿ ಒಡೆಸುತ್ತಿದ್ದರು. ಚಪ್ಪಲಿ ಎಲ್ಲ ಹೊರಗೆ ರಾಶಿ ಬಿದ್ದಿದ್ದವು. ಇಂಟರ್‌ವಲ್‌ನಲ್ಲಿ ಅತ್ತೆ ಪರದೆಗೆ ಬೆನ್ನು ತೋರಿಸಬಾರದು ಎಂದು ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ ಹೊರಗೆ ಹೋದದ್ದು, ಚಹಾದವನಿಗೆ ಡಿಕ್ಕಿ ಹೊಡೆದದ್ದು, ನೀನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು. ನಾನೂ ನಕ್ಕೆ. ಆ ದಿನ ನಾವಿಬ್ಬರೂ ಕೂಡಿ ನಕ್ಕಿದ್ದು ಅದೇ ಕೊನೆ.

ಆ ಸಿನೆಮಾದಲ್ಲಿ ಕೆಟ್ಟವಳು ಯಾರು? ಹಿರಿಯ ಸೊಸೆ. ದೇವಿಯ ಭಕ್ತಳಾದ ಕಿರಿಯ ಸೊಸೆಯ ಹಿಟ್ಟಿನಲ್ಲಿ ಬೂದಿ ಕಲಸುವವಳು, ಅವಳು ಹಚ್ಚಿದ ದೀಪ ಊದಿ ಆರಿಸುವವಳು. ಅವಳು ಪರದೆಯ ಮೇಲೆ ಬಂದಾಗಲೆಲ್ಲ ಹೆಂಗಸರ ಕಡೆಯಿಂದ ಬೈಗುಳ. "ಈಕೀ ಕೈ ಸೇದಿ ಹೋಗ್ಲಿ", "ಬಾಯಾಗ ಮಣ್ಣ ಬೀಳ್ಲಿ" ಎಂದು ಲಟಿಕೆ ಮುರಿಯುತ್ತಿದ್ದರು. ಅಷ್ಟರಲ್ಲಿ ನಮ್ಮ ಮಗ್ಗುಲ ಮನೆಯ ಶೆಟ್ಟೆವ್ವ ಇಡೀ ಸಾಲಿಗೆ ಕೇಳುವಂತೆ, "ಗುರವ್ವಾ, ನಿನಗ ಹೇಳದನಽ ನಿಂದೂ ಫೋಟೋ ತಗದಾರ ನೋಡವಾ" ಅಂದಳು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನೀನು ನಗಲಿಲ್ಲ. ಕತ್ತಲಲ್ಲಿ ನನ್ನ ಕೈ ಹುಡುಕಿ ಹಿಡಿದುಕೊಂಡೆ. ಅವರ ನಗೆಯನ್ನಾದರೂ ನುಂಗುತ್ತಿದ್ದೆ ಗಂಗಾ, ನಿನ್ನ ಕನಿಕರ ನನಗೆ ನುಂಗಲಾಗಲಿಲ್ಲ. ಕೈ ಕಿತ್ತುಕೊಂಡೆ.

ಕಡೆಗೆ ದೇವಿ ಪ್ರತ್ಯಕ್ಷಳಾಗುವ ಆರತಿ ಬಂತು. ಜಾಗಟೆ, ಡೊಳ್ಳು, ಪರದೆಯ ತುಂಬ ಅವಳ ಕಣ್ಣು. ಮುಂದಿನ ಸಾಲಿನ ಹೆಂಗಸರು ಅರಿಷಿಣದ ಭಂಡಾರ ತೂರಿದರು, ಯಾರೋ ಕರ್ಪೂರ ಹಚ್ಚಿದರು, ಇಬ್ಬರು ಮೂವರಿಗೆ ಮೈದುಂಬಿತು. ನನ್ನ ಮೈಮೇಲೂ ಮುಳ್ಳು ಎದ್ದವು, ಅದು ಸುಳ್ಳಲ್ಲ. ಆ ಒಂದು ಗಳಿಗೆ ದೇವಿಯದೇ ಇದ್ದರೂ ಇರಬಹುದು. ಆದರೆ ಮುಡಿ ಬಿಚ್ಚಿ ಕೂಗಿದವಳು ನಾನು, ಪೂರ್ತಿ ಎಚ್ಚರದಲ್ಲಿ. ನಾನು ಮೊಣಕಾಲೂರಿದ್ದು ಶೆಟ್ಟೆವ್ವನ ಕೈಚೀಲದ ಮೇಲೆ. ಒಳಗೆ ಚುರಮರಿ ಇದ್ದವು, ಪುಡಿಯಾದಾವು ಎಂದು ಕಾಲು ಸರಿಸಿಕೊಂಡೆ. ದೇವಿ ಮೈದುಂಬಿದವಳಿಗೆ ಚುರಮರಿಯ ಚಿಂತೆ ಇರುತ್ತದೆಯೇ?

ಅತ್ತೆ ಕೈಜೋಡಿಸಿ, "ಏನ್ ತಪ್ಪಾಗೇತಿ ಹೇಳ ನನ್ನವ್ವಾ" ಅಂದರು. ಹನ್ನೊಂದು ವರ್ಷದಲ್ಲಿ ಆ ಹೆಣ್ಣುಮಗಳು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. "ನನ್ನ ದೀಪಾ ಯಾರ ಕೈಯಾಗ ಕೊಟ್ಟೀ?" ಅಂದೆ. ಅಷ್ಟಕ್ಕೆ ನಿಂತಿದ್ದರೆ ದೀಪ ನನಗೆ ಮರಳಿ ಬರುತ್ತಿತ್ತು, ನೀನು ಮನೆಯಲ್ಲೇ ಇರುತ್ತಿದ್ದೆ. ನಾಲಿಗೆ ನಿಲ್ಲಲಿಲ್ಲ. "ಆ ಕೈ ಮೈಲಿಗಿ ಐತಿ. ಆ ಕೈ ಮನಿಯಾಗ ಇರೂತನಾ ನಾ ಹೊಸ್ತಲಾ ದಾಟೂದಿಲ್ಲ" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನ ಮುಖದ ಕಡೆ ನಾನು ನೋಡಲಿಲ್ಲ. ಪರದೆಯ ಬೆಳಕು ನಿನ್ನ ಮೇಲೆ ಬಿದ್ದಿತ್ತು, ನೋಡಿದ್ದರೆ ಕಾಣುತ್ತಿತ್ತು.

ಮುಂದಿನದು ನಿನಗೇ ಗೊತ್ತು. ಮದುವೆಯಾಗಿ ಎರಡು ವರ್ಷವಾದರೂ ನಿನ್ನ ಉಡಿ ತುಂಬಲಿಲ್ಲವಲ್ಲ, ಅದಕ್ಕೂ ಇದೇ ಕಾರಣ ಎಂದು ಓಣಿಯವರು ಕೂಡಿಸಿದರು. ದೋಷ ಹರಿಯುವವರೆಗೆ ತವರಲ್ಲಿರಲಿ ಎಂದು ಅತ್ತೆ ಅಂದರು. ಶ್ರೀಶೈಲ ಒಂದು ಸಲ ಮಾತ್ರ, "ಅವ್ವಾ, ಸಿನೆಮಾ ನೋಡಿ ಸಂಸಾರ ಒಡೀತಾರೇನ?" ಎಂದು ಕೇಳಿದ. ಅತ್ತೆ ಅನ್ನ ನೀರು ಬಿಟ್ಟರು, ಅವನು ಸೋತ. ನೀನು ಟ್ರಂಕು ಹಿಡಿದು ಹೊಸ್ತಿಲಲ್ಲಿ ನಿಂತು, "ಅಕ್ಕಾ, ನನ್ನ ಕೈಲೆ ಏನ್ ತಪ್ಪಾತು?" ಎಂದು ನನ್ನನ್ನೇ ಕೇಳಿದೆ. ನಾನು ಒಳಗೆ ಹೋಗಿ ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಅಂದಿನಿಂದ ನಾನು ಈ ಮನೆಯ ದೇವಿ. ಮಂಗಳವಾರ, ಶುಕ್ರವಾರ ಹೇಳಿಕೆ ಕೇಳಲು ಜನ ಬರುತ್ತಾರೆ. ಮುಡಿ ಬಿಚ್ಚುತ್ತೇನೆ, ತೂಗುತ್ತೇನೆ, ಏನೋ ಒಂದು ಅನ್ನುತ್ತೇನೆ. ಸತ್ಯವ್ವ ತನ್ನ ಎಮ್ಮೆ ಕಳೆದಿದೆ ಎಂದು ಬಂದಳು, ಮೂಡಣ ದಿಕ್ಕಿಗೆ ಹುಡುಕು ಎಂದೆ. ಎಮ್ಮೆ ಪಡುವಣದಿಂದ ತಾನಾಗಿ ಬಂತು. ಆದರೂ ನನಗೆ ಹೋಳಿಗೆ ತಂದುಕೊಟ್ಟಳು! ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಅತ್ತೆ ನನ್ನ ಕಾಲಿಗೆ ಬೀಳುತ್ತಾರಲ್ಲ, ಅದನ್ನು ಎಲ್ಲಿ ಇಟ್ಟುಕೊಳ್ಳಲಿ? ಎಪ್ಪತ್ತರ ಮುದುಕಿ, ಸೊಂಟ ಹಿಡಿದು ಬಾಗಿ, ಹಣೆ ನನ್ನ ಕಾಲುಂಗುರಕ್ಕೆ ಹಚ್ಚುತ್ತಾರೆ. ನನಗೆ ಕಸ ಗುಡಿಸಗೊಡುವುದಿಲ್ಲ. ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದಾರೆ. ದೀಪ ನನ್ನ ಕೈಗೆ ಬಂದಿದೆ, ಆದರೆ ಹಚ್ಚುವಾಗ ಜಗಲಿಯ ಕಡೆ ಕಣ್ಣೆತ್ತಿ ನೋಡಿ ಒಂದು ವರ್ಷವಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಒಂದು ಬತ್ತಿ ಎಣ್ಣೆಗೆ ಹೋಯಿತು.

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ನೀನು ಕೇಳಬೇಕು. ಎರಡು ಕಾರಣ. ಮೊನ್ನೆ ಗುರುವಾರ ಮಧು ಅಂಗಳದಲ್ಲಿ ಆಡುತ್ತಿದ್ದಳು. ಜಡೆ ಬಿಚ್ಚಿದ್ದಳು, ಹಣೆಗೆ ಭಂಡಾರ ಬಳಿದುಕೊಂಡಿದ್ದಳು. ಶೆಟ್ಟೆವ್ವನ ಮೊಮ್ಮಗಳು ಎದುರಿಗೆ ಕೈಮುಗಿದು ಕೂತಿದ್ದಳು. ನಮ್ಮ ಮಧು ಕಣ್ಣು ಮೇಲೆ ಮಾಡಿ, ನನ್ನದೇ ದನಿ ತೆಗೆದು, "ನಿನ್ನ ಕೈ ಮೈಲಿಗಿ ಐತಿ, ಹೋಗ ನಿಮ್ಮವ್ವನ ಮನಿಗಿ" ಅಂದಳು. ಆ ಕೂಸು ಅಳುತ್ತ ಎದ್ದು ಹೋಯಿತು. ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತಿದ್ದವಳು ಎದ್ದು ಹೋಗಿ ಮಧುವಿನ ಹಣೆಯ ಭಂಡಾರವನ್ನು ಸೆರಗಿನಿಂದ ಒರೆಸಿದೆ. ಅತ್ತೆ ಮಾತ್ರ ಹಿಗ್ಗಿ, "ಮೊಮ್ಮಗಳ ಮೈಯಾಗೂ ಬಂದಾಳ ನೋಡ ತಾಯಿ" ಅಂದರು. ನನ್ನ ಮಗಳಿಗೆ ನಾನು ಕಲಿಸಿದ ವಿದ್ಯೆ ಇದು.

ಎರಡನೆಯದು, ಶ್ರೀಶೈಲನಿಗೆ ಎರಡನೆಯ ಹೆಣ್ಣು ನೋಡುತ್ತಿದ್ದಾರೆ. ಕಿತ್ತೂರಿನ ಕಡೆಯವರು. ಅವನು ಒಲ್ಲೆ ಅಂದಿದ್ದಾನೆ, ಆದರೆ ಅವನ ಒಲ್ಲೆ ಎಷ್ಟು ಗಟ್ಟಿ ಎಂಬುದು ನಿನಗೂ ಗೊತ್ತು ನನಗೂ ಗೊತ್ತು. ಬರುವ ಶುಕ್ರವಾರ ದೇವಿಯ ಅಪ್ಪಣೆ ಕೇಳಿ ಮಾತು ಪಕ್ಕಾ ಮಾಡುತ್ತಾರಂತೆ. ಅಪ್ಪಣೆ ಕೊಡಬೇಕಾದವಳು ನಾನು. ಹಾಗೇ ಕೂತು ನಿನ್ನನ್ನು ಕರೆತರಲು ದೇವಿಯ ಬಾಯಿಂದಲೇ ಹೇಳಿಬಿಡಬಹುದು, ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಆಗ ನೀನು ಬಂದು ನನ್ನ ಕಾಲಿಗೆ ಬೀಳುತ್ತೀ. ಅದನ್ನು ತಡೆಯುವ ಶಕ್ತಿ ನನಗಿಲ್ಲ. ಅದಕ್ಕೇ ನಾಳೆ ಮುಂಜಾನೆ ಅತ್ತೆಯ ಮುಂದೆ ಎಲ್ಲ ಒದರಿಬಿಡುತ್ತೇನೆ. ಹೊಡೆಯಲಿ, ಹೊರಗೆ ಹಾಕಲಿ. ನಿನಗೆ ಹೇಳಿದ ಮೇಲೆ ಅವರಿಗೆ ಹೇಳುವುದು ಸುಲಭವಾದೀತು ಎಂದು ಮೊದಲು ನಿನಗೆ ಬರೆದೆ.

ಕ್ಷಮಿಸು ಎಂದು ಬರೆಯಲು ಧೈರ್ಯ ಬರುತ್ತಿಲ್ಲ. ನಿನ್ನ ಕೈ ಯಾವತ್ತೂ ಮೈಲಿಗೆಯಾಗಿರಲಿಲ್ಲ ತಂಗಿ. ನಿಮ್ಮವ್ವ, ಅಪ್ಪನವರಿಗೆ ನನ್ನ ಶರಣು ಹೇಳು. ಮಧು ನಿನಗೊಂದು ಮುದ್ದು ಕಳಿಸಿದ್ದಾಳೆ, ಅದು ಮಾತ್ರ ಚೊಕ್ಕಟವಾದದ್ದು, ತೆಗೆದುಕೋ.

ಇಂತಿ ನಿನ್ನ ಅಪರಾಧಿ,
ಗುರವ್ವ

ತಾ.ಕ.: ಸೋಮವಾರ ಮುಂಜಾನೆ. ಬಳೆಗಾರ ಲಗಮಣ್ಣ ಸುರೇಬಾನದ ಕಡೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅತ್ತೆಗೆ ಹೇಳಿದೆ. ಒಂದೂ ಬಿಡದೆ ಹೇಳಿದೆ, ಚುರಮರಿಯದೂ ಹೇಳಿದೆ. ಎಲ್ಲ ಕೇಳಿ ಕಣ್ಣೀರು ಒರೆಸಿಕೊಂಡು, "ನನ್ನ ಭಕ್ತಿ ಗಟ್ಟಿ ಐತೋ ಇಲ್ಲೋ ಅಂತ ಪರೀಕ್ಷಾ ಮಾಡಾಕಹತ್ತೀಯೇನ ತಾಯಿ?" ಎಂದು ಕಾಲಿಗೆ ಬಿದ್ದರು. ಕಾಲು ಹಿಂದಕ್ಕೆ ಎಳೆದುಕೊಂಡೆ. ದೇವಿ ಮುನಿದಳು ಎಂದು ಓಡಿಹೋಗಿ ಕಾಯಿ ಒಡೆದರು. ನಿಮ್ಮ ಭಾವನಿಗೆ, ನನ್ನ ಗಂಡನಿಗೆ, ಹೇಳಿದರೆ, "ಸುಮ್ಮಕಿರು, ಊರಾಗ ಮಾರಿ ತೋರ್ಸಾಕ ಆಗೂದಿಲ್ಲ" ಅಂದರು. ನಿಜವನ್ನು ಈ ಮನೆಯಲ್ಲಿ ಕೊಳ್ಳುವವರಿಲ್ಲ. ಶುಕ್ರವಾರ ಇನ್ನೊಮ್ಮೆ ಮುಡಿ ಬಿಚ್ಚುತ್ತೇನೆ, ಅದೇ ಕಡೆ. ಶನಿವಾರ ಶ್ರೀಶೈಲ ನಿನ್ನನ್ನು ಕರೆಯಲು ಬರುತ್ತಾನೆ. ಮೊದಲು ಈ ಪತ್ರ ಅವನ ಕೈಗೆ ಕೊಟ್ಟು ಓದಿಸು. ಆಮೇಲೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ದೇವಿ ಕರೆಸಿದ್ದಾಳೆ ಎಂದು ಅವನು ಹೇಳುತ್ತಾನೆ, ನಂಬಬೇಡ ಗಂಗಾ. ನಿನ್ನನ್ನು ಕಳಿಸಿದವಳೂ ನಾನೇ, ಕರೆಯುತ್ತಿರುವವಳೂ ನಾನೇ.