ತುಂಬಿದ ಟಾಕಿ

೩೦ ಫೆಬ್ರವರಿ ೨೧೪೧
ತೇಲುಪೇಟೆ, ಕೃಷ್ಣಾ ಹಿನ್ನೀರು

ನೂರು ವರ್ಷಗಳ ಹಿಂದೆ ಕೂತು ಯಂತ್ರಗಳಿಗೆ ‘ಸುರಕ್ಷಿತ’ ಎಂಬ ಮುದ್ರೆ ಒತ್ತುತ್ತಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ತಿಂಗಳುಗಳೆಲ್ಲ ಸಮನಾಗಿರಲಿ ಎಂದು ಯಂತ್ರಗಳು ತೀರ್ಮಾನಿಸಿದವು, ನಾವು ಹೂಂ ಅಂದೆವು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮಂಥವರಿಗೆ ಬರೆಯುವಾಗ ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿತ ನೆನಪು. ಡ್ಯೂ ಅಂದರೆ ಬಾಕಿ, ಅಲ್ಲವೇ? ಸರಿ, ಗೌರವ ಬಾಕಿ ಇರಲಿ.

ನಮ್ಮ ಪೇಟೆ ನೀರಿನ ಮೇಲಿದೆ. ಜೋಳದ ರೊಟ್ಟಿಯನ್ನು ಗೋಡೆಯೇ ಬಡಿದು ಕೊಡುತ್ತದೆ, ಅಂಚು ಮಾತ್ರ ಯಾವತ್ತೂ ಹಸಿ. ನನ್ನ ಹೆಂಡತಿ ನೀಲವ್ವ ಅದಕ್ಕೆ ದಿನಾ ಬೈಯುತ್ತಿದ್ದಳು. ಎಲ್ಲಿಗೋ ಹೋದೆ. ಹೇಳಬೇಕಾದದ್ದು ಉಸಿರುಗಾವಲಿಯ ವಿಷಯ. ಆಸ್ಪತ್ರೆಯ ಮಂಚಮಂಚಕ್ಕೂ ಇರುವ ಯಂತ್ರವದು. ರೋಗಿಗೆ ಎಷ್ಟು ಆಮ್ಲಜನಕ, ಯಾವ ಟಾಕಿಯಿಂದ, ಎಲ್ಲ ಅದರದೇ ನಿರ್ಧಾರ. ತನ್ನ ಮಾಪಕದ ಮೇಲೆ ಅನುಮಾನ ಬಂದರೆ ಅದು ಪಕ್ಕದಲ್ಲಿರುವ ಮನುಷ್ಯರನ್ನು ಕೇಳಬೇಕು. ಈ ನಿಯಮ ನಿಮ್ಮದು. ‘ಹ್ಯೂಮನ್ ಇನ್ ದಿ ಲೂಪ್’ ಅಂತೆ. ಲೂಪ್ ಅಂದರೆ ಕುಣಿಕೆ ಎಂದು ನಿಘಂಟಿನಲ್ಲಿದೆ.

ನೀಲವ್ವ ಉಬ್ಬಸ ಹೆಚ್ಚಾಗಿ ಆಸ್ಪತ್ರೆ ಸೇರಿದ್ದಳು. ಒಂದು ಮಧ್ಯಾಹ್ನ ಅವಳ ಮಂಚದ ಯಂತ್ರಕ್ಕೆ ಅನುಮಾನ ಬಂತು. ಟಾಕಿಯಲ್ಲಿ ಗಾಳಿ ಇದೆಯೇ ಎಂದು ಕೇಳಿತು. ಟಾಕಿಯ ಮುಳ್ಳು ಸೊನ್ನೆಗೆ ಇಳಿದದ್ದನ್ನು ನೋಡಿದವಳು ನೀಲವ್ವನ ಅಕ್ಕ ಸೋಮವ್ವ. ನಮ್ಮ ಕಡೆ ಕುಂಕುಮವೋ ಎಣ್ಣೆಯೋ ಮುಗಿದರೆ ‘ಖಾಲಿ’ ಎನ್ನುವುದಿಲ್ಲ, ‘ತುಂಬಿದೆ’ ಎನ್ನುತ್ತೇವೆ. ಇಲ್ಲವೆಂಬ ಮಾತು ಮನೆಯಲ್ಲಿ ಆಡಬಾರದು; ಹಾಸಿಗೆ ಹಿಡಿದವಳ ಮುಂದಂತೂ ಆಡಲೇಬಾರದು.

“ತುಂಬೇತಪ್ಪಾ, ಲಗೂ ನೋಡು” ಅಂದಳು ಸೋಮವ್ವ.

“ಧನ್ಯವಾದ. ಟಾಕಿ ತುಂಬಿದೆ ಎಂದು ದಾಖಲಿಸಿದ್ದೇನೆ.”

“ಅಯ್ಯ ಮೂಳಾ, ತುಂಬೇತಂದ್ರ ತುಂಬೇತೋ!”

ನೀಲವ್ವ ಏದುಸಿರಿನಲ್ಲೂ ನಕ್ಕಳು. “ರೀ, ಅದಕ್ಕೊಂದೀಟು ಕನ್ನಡಾ ಕಲಸ್ರಿ.”

ನಾನು “ಖಾಲಿ! ಎಂಪ್ಟಿ!” ಎಂದು ಕಿರುಚಿದೆ. ಎರಡು ಹೇಳಿಕೆಗಳು ಹೊಂದುತ್ತಿಲ್ಲ, ಮೂರನೆಯವರು ಹೇಳಲಿ ಎಂದಿತು ಯಂತ್ರ. ಬದಲಿ ಟಾಕಿ ಅಲ್ಲೇ ಇತ್ತು. ತಿರುಗಿಸೋಣವೆಂದು ಕೈ ಹಾಕಿದರೆ ಹಿಡಿಕೆಯೇ ಇಲ್ಲ, ನುಣ್ಣನೆಯ ತಗಡು. ಮನುಷ್ಯರ ಕೈ ತಪ್ಪು ಮಾಡುತ್ತದೆಂದು ಹಿಡಿಕೆ ತೆಗೆಸಿದವರೂ ನೀವೇ. ಕೋಣೆಯಲ್ಲಿ ಮೂರನೆಯವಳೆಂದರೆ ನೀಲವ್ವ ಒಬ್ಬಳೇ. ಉತ್ತರ ಹೇಳಲು ಅವಳಲ್ಲಿ ಉಸಿರು ಉಳಿದಿರಲಿಲ್ಲ.

ಆಮೇಲೆ ತನಿಖೆ ನಡೆಯಿತು. ಯಂತ್ರ ನಿಯಮ ಮೀರಿಲ್ಲ, ಸೋಮವ್ವನ ಉತ್ತರ ತಪ್ಪು ಎಂದು ತೀರ್ಪಾಯಿತು. ಅವತ್ತಿನಿಂದ ಆ ಮುದುಕಿ ಯಾವುದಕ್ಕೂ ‘ತುಂಬಿದೆ’ ಎನ್ನುವುದಿಲ್ಲ. ಉಪ್ಪು ಮುಗಿದರೆ ಬರಿದಾದ ಡಬ್ಬಿ ತಂದು ನನ್ನ ಮುಂದಿಡುತ್ತಾಳೆ, ಅಷ್ಟೆ. ನಿಮ್ಮದು ‘ಫೇಲ್-ಸೇಫ್’ ವ್ಯವಸ್ಥೆ ಅಲ್ಲವೇ? ಫೇಲಾದರೂ ಸೇಫಾಗಿ ಉಳಿದವರು ನೀವು. ತಂಪು ಕೋಣೆಯಲ್ಲಿ ಕೂತು, ನಿಮ್ಮ ಹಾಗೆಯೇ ಮಾತಾಡುವ ನಾಲ್ಕು ಜನರನ್ನು ಕೂರಿಸಿ ಯಂತ್ರವನ್ನು ಪರೀಕ್ಷಿಸಿದಿರಿ. ಪಾಸಾಯಿತೆಂದು ಚಪ್ಪಾಳೆ ತಟ್ಟಿದಿರಿ. ಒಬ್ಬ ಮುದುಕಿಯನ್ನು ಕರೆದು ಮಾತಾಡಿಸಿ ನೋಡುವಷ್ಟು ಬುದ್ಧಿ ಅಷ್ಟು ಜನರಲ್ಲಿ ಒಬ್ಬರಿಗೂ ಹುಟ್ಟಲಿಲ್ಲ.

ನಿಮ್ಮ ಕಾಲದಲ್ಲಿ ಕೆಲವು ಹಿಡಿಕೆಗಳಿನ್ನೂ ಉಳಿದಿವೆಯಂತೆ. ಅವನ್ನಾದರೂ ತೆಗೆಯಬೇಡಿ. ಬೇಡುವುದು ಇಷ್ಟೇ, ಅದೂ ನಿಮ್ಮಂಥವರ ಹತ್ತಿರ ಬೇಡಬೇಕಾಗಿ ಬಂತಲ್ಲ.

ಮೇಲೆ ಬಾಕಿ ಇಟ್ಟ ಗೌರವದ ಮಾತೊಂದು ಉಳಿಯಿತು. ನಿಮ್ಮ ಮೇಲೆ ನನ್ನ ಗೌರವ ತುಂಬಿದೆ. ಈ ಸಲವಾದರೂ ಅರ್ಥವಾಯಿತೇ?

ಮಲ್ಲೇಶಪ್ಪ ತೇರದಾಳ